ಸೊಸೆಯ ಬಿಡುವನ್ನು ಸ್ವಾರ್ಥವೆಂದು ತಿಳಿಯಬೇಕೆ?

ಪ್ರಶ್ನೆ: ನನ್ನ ಮಗ ಅಮೆರಿಕದ ಅಟ್ಲಾಂಟಾದಲ್ಲಿದ್ದಾನೆ. ಸೊಸೆ ಅಲ್ಲಿಯೇ ಹುಟ್ಟಿ ಬೆಳೆದ ಕಪ್ಪುವರ್ಣೀಯ ಹೆಣ್ಣುಮಗಳು. ಅವಳಿಗೀಗ ಏಳು ತಿಂಗಳಾಗಿದ್ದು, ಬಾಣಂತನಕ್ಕೆಂದು ನಾನು ಹೊರಟಿದ್ದೇನೆ. ಒಳ್ಳೆಯವಳು, ದುಡಿಯುವವಳು. ಆದರೆ ಭಾನುವಾರ ಯಾರ ಫೋನನ್ನೂ ಎತ್ತುವುದಿಲ್ಲ. ಸಂಜೆ ಗೆಳತಿಯರೊಂದಿಗೆ ನಡಿಗೆಗೆ ಹೋಗುತ್ತಾಳೆ. ಹದಿನೈದು ದಿನಕ್ಕೊಮ್ಮೆ ಆಪ್ತಸಮಾಲೋಚಕಿಯನ್ನು ಕಾಣುತ್ತಾಳೆ. ಕೇಳಿದರೆ, ‘ನನ್ನನ್ನು ನಾನು ನೋಡಿಕೊಳ್ಳದಿದ್ದರೆ ಆಗುವುದಿಲ್ಲ ಅಮ್ಮಾ’ ಎನ್ನುತ್ತಾಳೆ. ಇದು ಸ್ವಾರ್ಥವಲ್ಲವೆ? ನಾನು ಹೇಗೆ ಹೊಂದಿಕೊಳ್ಳಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸ್ವಾರ್ಥವಲ್ಲ, ಅಮ್ಮಾ. ನಿಮ್ಮ ಸೊಸೆ ಮಾಡುತ್ತಿರುವುದು ತನ್ನ ಜೀವವನ್ನು ಕಾಪಾಡಿಕೊಳ್ಳುವ ಕೆಲಸ. ಅವಳು ಯಾವ ಸಮುದಾಯದಿಂದ ಬಂದವಳು ಎಂಬುದನ್ನು ತಿಳಿದರೆ ಈ ಮಾತು ಅತಿಶಯವೆನಿಸುವುದಿಲ್ಲ.

ಗುಲಾಮಗಿರಿಯ ಕಾಲದಲ್ಲಿ ಕಪ್ಪು ಹೆಂಗಸರು ಹೆತ್ತ ಕೆಲವೇ ವಾರಗಳಲ್ಲಿ ಹತ್ತಿಯ ಹೊಲಕ್ಕೆ ಮರಳಬೇಕಿತ್ತು. ತಮ್ಮ ಕೂಸನ್ನು ಬಿಟ್ಟು ಒಡೆಯರ ಮಕ್ಕಳಿಗೆ ಹಾಲೂಡಿಸಬೇಕಿತ್ತು. ಗುಲಾಮಗಿರಿ ಮುಗಿದ ಮೇಲೂ ಅವರಲ್ಲಿ ಬಹುಪಾಲು ಜನರಿಗೆ ಸಿಕ್ಕಿದ್ದು ಹೊಲದ ಕೂಲಿ ಇಲ್ಲವೇ ಮನೆಗೆಲಸ, ಮತ್ತು 1935ರ ಸಾಮಾಜಿಕ ಭದ್ರತಾ ಕಾಯಿದೆ ಹೊರಗಿಟ್ಟಿದ್ದು ಈ ಎರಡು ಕೆಲಸಗಳನ್ನೇ. ಎಲ್ಲವನ್ನೂ ಸಹಿಸಿ ಮನೆ ನಡೆಸಿದ ಅವರನ್ನು ಲೋಕ ‘ಗಟ್ಟಿಗಿತ್ತಿ’ ಎಂದು ಹೊಗಳಿತು. ಆ ಹೊಗಳಿಕೆಯೇ ಹೊರೆಯಾಯಿತೆಂಬುದು ನನ್ನ ದೃಢ ಅಭಿಪ್ರಾಯ. ಏಕೆಂದರೆ ಗಟ್ಟಿಗಿತ್ತಿಗೆ ನೋವಾಗುತ್ತದೆಂದು ಮನೆಯವರೂ ಎಣಿಸುವುದಿಲ್ಲ, ವೈದ್ಯರೂ ಎಣಿಸುವುದಿಲ್ಲ, ಕೊನೆಗೆ ಆಕೆಯೂ ತನ್ನ ನೋವನ್ನು ನಂಬುವುದನ್ನು ಬಿಡುತ್ತಾಳೆ.

ಇದರ ಬೆಲೆ ದೇಹದ ಮೇಲೆ ಬೀಳುತ್ತದೆ. ವರ್ಣಭೇದದ ನಿರಂತರ ಒತ್ತಡದಿಂದ ಕಪ್ಪು ಮಹಿಳೆಯರ ಆರೋಗ್ಯ ವಯಸ್ಸಿಗೆ ಮುನ್ನವೇ ಸವೆಯುತ್ತದೆಂಬ ವಾದವನ್ನು ಆರ್ಲೀನ್ ಜೆರೋನಿಮಸ್ ಎಂಬ ಸಂಶೋಧಕಿ 1992ರಲ್ಲಿ ಮುಂದಿಟ್ಟರು. ಅಮೆರಿಕದ ಸರ್ಕಾರಿ ಅಂಕಿಅಂಶಗಳ ಪ್ರಕಾರ 2023ರಲ್ಲಿ ಪ್ರತಿ ಲಕ್ಷ ಜೀವಂತ ಜನನಗಳಿಗೆ ತೀರಿಕೊಂಡ ಬಿಳಿಯ ತಾಯಂದಿರು 14.5, ಕಪ್ಪು ತಾಯಂದಿರು 50.3. ಹಣ, ಹೆಸರು ಇದ್ದರೂ ಈ ಅಪಾಯ ತಪ್ಪುವುದಿಲ್ಲ. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ 2017ರಲ್ಲಿ ಹೆರಿಗೆಯಾದ ಮರುದಿನ ಉಸಿರಾಟ ಕಷ್ಟವಾದಾಗ, ತಮಗೆ ಹಿಂದೆಯೂ ರಕ್ತ ಹೆಪ್ಪುಗಟ್ಟಿದ್ದನ್ನು ನೆನೆದು ಸಿಟಿ ಸ್ಕ್ಯಾನ್ ಮಾಡಿರೆಂದು ಹಟ ಹಿಡಿಯಬೇಕಾಯಿತು. ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳಿದ್ದುದು ನಿಜವಾಗಿತ್ತು.

ಹಾಗಾಗಿ ಅವಳ ಬಾಯಲ್ಲಿ ‘ನನ್ನನ್ನು ನಾನು ನೋಡಿಕೊಳ್ಳುವುದು’ ಎಂದರೆ ಕ್ರೀಮು, ಸ್ಪಾ ಅಲ್ಲ. ಕಪ್ಪುವರ್ಣೀಯ ಕವಯಿತ್ರಿ ಆಡ್ರಿ ಲಾರ್ಡ್ ಕ್ಯಾನ್ಸರಿನೊಂದಿಗೆ ಹೋರಾಡುತ್ತಲೇ, ತನ್ನನ್ನು ನೋಡಿಕೊಳ್ಳುವುದು ಭೋಗವಲ್ಲ, ಉಳಿವಿನ ಹೋರಾಟ ಎಂದು 1988ರಲ್ಲಿ ಬರೆದರು. ಅದಕ್ಕೂ ಮೊದಲೇ, 1983ರಲ್ಲಿ, ನಿಮ್ಮ ಮಗನಿರುವ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಲ್ಲಿ ಆರೋಗ್ಯ ಹೋರಾಟಗಾರ್ತಿ ಬಿಲಿ ಏವರಿಯವರ ಮುಂದಾಳತ್ವದಲ್ಲಿ ಕಪ್ಪು ಮಹಿಳೆಯರ ಆರೋಗ್ಯದ ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿಂದ ಬೆಳೆದ ಸಂಘಟನೆ ಮಹಿಳೆಯರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ಯಾರಿಗೂ ಹೇಳದ ಸಂಕಟಗಳನ್ನು ಪರಸ್ಪರ ಹೇಳಿಕೊಳ್ಳುವಂತೆ ಮಾಡಿತು. ನಿಮ್ಮ ಸೊಸೆಯ ಸಂಜೆಯ ನಡಿಗೆಯನ್ನೂ ಸಮಾಲೋಚನೆಯನ್ನೂ ಈ ಪರಂಪರೆಯ ಮುಂದುವರಿಕೆಯಾಗಿ ನೋಡಿ. ಹೆತ್ತವಳಿಗೆ ವಿಶ್ರಾಂತಿ ಹಕ್ಕಿನದೆಂದು ಬಾಣಂತನ ಮಾಡಿ ಬಲ್ಲ ನಿಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಇನ್ನು ನೀವು ಮಾಡಬಹುದಾದದ್ದು. ಅಡುಗೆ, ಬಟ್ಟೆ, ರಾತ್ರಿ ಮಗುವನ್ನು ಎತ್ತಿಕೊಳ್ಳುವುದು, ಇವನ್ನು ಅವಳು ಕೇಳುವ ಮೊದಲೇ ವಹಿಸಿಕೊಳ್ಳಿ; ಸಹಾಯ ಕೇಳುವುದೇ ಅವಳಿಗೆ ಅತ್ಯಂತ ಕಷ್ಟದ ಕೆಲಸವಾಗಿರಬಹುದು. ಆದರೆ ಎಣ್ಣೆ-ನೀರು, ಸಾಂಬ್ರಾಣಿ, ಪಥ್ಯಗಳನ್ನು ಕೇಳಿಯೇ ಮಾಡಿ. ವಿಶೇಷವಾಗಿ ಕೂದಲಿನ ವಿಷಯ: ಬಿಗಿ ಗುಂಗುರಿನ ಕೂದಲು ಬೇಗ ಒಣಗಿ ಮುರಿಯುವುದರಿಂದ ಅದನ್ನು ದಿನವೂ ತೊಳೆಯುವುದಿಲ್ಲ, ರಾತ್ರಿ ರೇಷ್ಮೆ ಅಥವಾ ಸ್ಯಾಟಿನ್ ಬಟ್ಟೆ ಸುತ್ತಿ ಮಲಗುತ್ತಾರೆ, ತೊಳೆದು ಜಡೆ ಹೆಣೆಯುವುದಕ್ಕೆ ಅರ್ಧ ದಿನವೇ ಹಿಡಿಯಬಹುದು. ಕಪ್ಪು ಜನರ ಸಹಜ ಕೂದಲನ್ನು ಅಶಿಸ್ತೆಂದು ಶಾಲೆ, ಕಚೇರಿಗಳು ಎಷ್ಟು ಕಾಲ ಹಳಿದವೆಂದರೆ, ಆ ತಾರತಮ್ಯವನ್ನು ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ತರಬೇಕಾಯಿತು. ಆದ್ದರಿಂದ ‘ಇಷ್ಟು ಹೊತ್ತು ಕನ್ನಡಿ ಮುಂದೆ ಏನು’ ಎಂದು ಕೇಳಬೇಡಿ. ಆ ಹೊತ್ತಿನಲ್ಲಿ ಮಗುವನ್ನು ನೀವು ನೋಡಿಕೊಳ್ಳಿ. ಮಗುವಿನ ಮೈಬಣ್ಣದ ಬಗ್ಗೆ, ಊರಿನ ಬಂಧುಗಳು ಫೋನಿನಲ್ಲಿ ಕೆದಕಿದರೂ, ಒಂದು ಮಾತನ್ನೂ ಆಡಬೇಡಿ, ಆಡಗೊಡಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಅವಳು ಸರಿಯಿಲ್ಲ ಎಂದರೆ ನಂಬಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಉಸಿರಾಟದ ಕಷ್ಟ, ಎದೆನೋವು, ಕಾಲಿನ ಊತ ಅಥವಾ ನೋವು, ಜ್ವರ, ಅತಿಯಾದ ರಕ್ತಸ್ರಾವ, ಬದುಕು ಬೇಡವೆನ್ನುವ ಮಾತು, ಇವುಗಳಲ್ಲಿ ಯಾವುದು ಕಂಡರೂ ಬಾಣಂತಿಯರಿಗೆ ಇದು ಸಹಜವೆಂದು ಕಾಯಬೇಡಿ. ಈ ಅಪಾಯ ಹೆರಿಗೆಯ ನಂತರ ಒಂದು ವರ್ಷದವರೆಗೂ ಇರುತ್ತದೆ. ಆಸ್ಪತ್ರೆಗೆ ಕರೆದೊಯ್ದಾಗ ಹೆರಿಗೆಯಾಗಿ ಎಷ್ಟು ದಿನವಾಯಿತೆಂಬುದನ್ನು ಮಗ ಮೊದಲ ಮಾತಿನಲ್ಲೇ ಹೇಳಲಿ, ಮತ್ತು ಅವಳ ದೂರಿಗೆ ಸರಿಯಾದ ಪರೀಕ್ಷೆ ಆಗುವವರೆಗೆ ಅಲ್ಲಿಂದ ಕದಲದಿರಲಿ.