ಮಿಡತೆ ಬಂದ ಮಾರನೇ ದಿನ

ನಮಸ್ಕಾರ,

1874ರ ಅಮೆರಿಕದ ಕಾನ್ಸಾಸ್ ಬಯಲಿನಲ್ಲಿ ನಡೆಯುವ ನಿಮ್ಮ ಕಾದಂಬರಿಯನ್ನು ಎರಡು ಸಲ ಓದಿದೆ. ಒಬ್ಬಳೇ ಜಮೀನು ಹಿಡಿಯಲು ಬರುವ ಹುಡುಗಿ, ಕುದುರೆ ಮೇಲೆ ಊರೂರು ಸುತ್ತುವ, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಬೋಧಕ, ಅವರಿಬ್ಬರ ಪ್ರೀತಿ. ನೆನೆದ ಬೈಬಲಿನ ಹಾಳೆಗಳನ್ನು ಬೋಧಕ ಒಲೆ ಮುಂದೆ ಒಂದೊಂದಾಗಿ ಬಿಡಿಸಿ ಒಣಗಿಸುತ್ತಾನಲ್ಲ, ಅಲ್ಲಿ ನಾನು ಓದು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಆದರೂ ಈಗಿರುವ ಹಾಗೆ ಪ್ರಕಟಿಸಲಾರೆ.

ಹನ್ನೆರಡನೇ ಅಧ್ಯಾಯದಲ್ಲಿ ಮಿಡತೆಗಳು ಬರುತ್ತವೆ. ನಾಯಕಿ ಮಂಡಿಯೂರಿ ಪ್ರಾರ್ಥಿಸುತ್ತಾಳೆ. ಸಂಜೆಗೆ ಎಲ್ಲವೂ ಹಾರಿಹೋಗಿ ಮೆಕ್ಕೆಜೋಳ ಉಳಿಯುತ್ತದೆ. ಆ ವರ್ಷ ನಿಜಕ್ಕೂ ಬಂದ ಮಿಡತೆಗಳು ಬೆಳೆ ಮೇಲೆ ಹೊದಿಸಿದ ಕಂಬಳಿಯನ್ನೂ ತಿಂದವು. ನೆಲದೊಳಗಿನ ಈರುಳ್ಳಿ ಬಿಡಲಿಲ್ಲ. ಬೆವರಿನ ಉಪ್ಪು ಹತ್ತಿದ ಗುದ್ದಲಿ ಹಿಡಿಯನ್ನೂ ಕೆರೆದವು. ನಿಮ್ಮ ಹುಡುಗಿಯ ಹೊಲವೂ ಹೋಗಲಿ ಬಿಡಿ. ಮಾರನೇ ಬೆಳಿಗ್ಗೆ ಅವಳು ಏನೆಂದು ಪ್ರಾರ್ಥಿಸುತ್ತಾಳೆ? ನನಗೆ ಓದಬೇಕಿರುವುದು ಅದು. ಮಿಡತೆ ತಿಂದ ವರ್ಷಗಳನ್ನು ದೇವರು ತುಂಬಿಕೊಡುವ ಮಾತು ಬೈಬಲಿನ ಯೋವೇಲನ ಪುಸ್ತಕದಲ್ಲಿದೆ. ಬೋಧಕ ಅದನ್ನೇ ಓದಲಿ. ಅವಳು ಕೇಳಲಾಗದೆ ಎದ್ದು ಹೊರಗೆ ಹೋಗಲಿ. ಗಟ್ಟಿ ನಂಬಿಕೆ ಇರುವವರಿಗೂ ಹಾಗಾಗುತ್ತೆ, ಅಲ್ವಾ?

ಇನ್ನು ಜಮೀನು. ಸರ್ಕಾರಿ ಜಮೀನು ಹಂಚುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸಿಗುತ್ತಿತ್ತು, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಬೇಕಿತ್ತು. ಅರ್ಜಿ ಹಾಕಲು 21 ತುಂಬಿರಬೇಕು, ಇಲ್ಲವೇ ಮನೆ ನಡೆಸುವ ಹೊಣೆ ತನ್ನದಾಗಿರಬೇಕು. ನಿಮ್ಮ ನಾಯಕಿಗೆ 19. ವಯಸ್ಸು ತಿದ್ದಿ. ಗಂಡನ ಜೊತೆ ಇರುವ ಹೆಂಗಸು ತನ್ನ ಹೆಸರಿನಲ್ಲಿ ಅರ್ಜಿ ಹಾಕುವಂತಿರಲಿಲ್ಲ. ಹಾಗಾದರೆ ಅವಳು ಅರ್ಜಿ ಹಾಕುವ ಮೊದಲೇ ಬೋಧಕ ಮದುವೆ ಮಾತೆತ್ತಲಿ. ಹೂಂ ಅಂದರೆ ಜಮೀನು ಹೋಯಿತು. ಈಗ ಸುಮ್ನೆ ನಾಚಿಕೊಂಡು ನಿಲ್ಲುವವಳಿಗೆ ಆಗ ರಾತ್ರಿ ನಿದ್ದೆ ಹತ್ತುವುದಿಲ್ಲ.

ಪೈನ್ ಮರದ ಮನೆ ತೆಗೆಯಿರಿ. ಆ ಬಯಲಲ್ಲಿ ಮರ ತೀರಾ ಕಡಿಮೆ. ಹುಲ್ಲಿನ ಬೇರು ಹಿಡಿದ ಮಣ್ಣನ್ನು ಇಟ್ಟಿಗೆ ಹಾಗೆ ಕೊಯ್ದು ಗೋಡೆ ಕಟ್ಟುತ್ತಿದ್ದರು. ಜೋರು ಮಳೆ ಬಂದರೆ ಸೂರಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಅದಕ್ಕೆ ಪಾತ್ರೆ ಒಡ್ಡುತ್ತಾ ಮಾತಾಡಲಿ.

'ಯಾರೂ ಇಲ್ಲದ ನಾಡು' ಎಂಬ ಸಾಲನ್ನು ಹೊಡೆದುಹಾಕಿ. ಕಾನ್ಸಾಸ್‌ಗೆ ಆ ಹೆಸರು ಬಂದಿದ್ದೇ ಅಲ್ಲಿನ ಮೂಲನಿವಾಸಿಗಳಾದ ಕಾ (ಕಾನ್ಸಾ) ಜನರಿಂದ. ಅವರನ್ನು ಅಲ್ಲಿಂದ ಹೊರಡಿಸಿದ್ದು 1873ರಲ್ಲಿ, ನಿಮ್ಮ ಕಥೆಗೆ ಒಂದೇ ವರ್ಷ ಮುಂಚೆ.

ಮೊದಲು ಹನ್ನೆರಡನೇ ಅಧ್ಯಾಯ ಒಂದನ್ನೇ ಬರೆದು ಕಳಿಸಿ. ಕಾಯುತ್ತಿರುತ್ತೇನೆ.