ಜನರಲ್ ತಿಮ್ಮಯ್ಯ ಅಂದರೆ ಬರೀ ಆ ರಾಜೀನಾಮೆ ಅಲ್ಲ

ನೀವು ಕೇಳಿರುವುದು ಇಷ್ಟು: "ಜನರಲ್ ತಿಮ್ಮಯ್ಯ ಅಂದರೆ ಆಗಿನ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟವರು ಅಂತ ಮಾತ್ರ ಗೊತ್ತು. ಅದು ಬಿಟ್ಟರೆ ಅವರು ನಿಜಕ್ಕೂ ಅಷ್ಟು ದೊಡ್ಡ ಸೇನಾನಿಯಾ?"

ಹೌದು, ನಿಜಕ್ಕೂ. ಆ ರಾಜೀನಾಮೆ ಅವರ ನಲವತ್ತು ವರ್ಷದ ದುಡಿಮೆಯಲ್ಲಿ ಎರಡು ಮೂರು ದಿನದ ಮಾತು. ಸಿಕ್ಕಿದ್ದನ್ನೆಲ್ಲ ಓದಿ ನನಗೆ ಅನ್ನಿಸಿದ್ದು ಒಂದೇ. ಯಾವ ಜಾಗಕ್ಕೆ ತಮ್ಮ ಸೈನಿಕರನ್ನು ಕಳಿಸಬೇಕೋ ಅಲ್ಲಿಗೆ ತಾವೇ ಹೋಗಿ ನಿಲ್ಲುತ್ತಿದ್ದ ಮನುಷ್ಯ ಅವರು. ಮೇಜರ್ ಜನರಲ್ ಆದ ಮೇಲೂ ಆ ಗುಣ ಬಿಡಲಿಲ್ಲ.

ಮೊದಲು ಹಿನ್ನೆಲೆ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಕೊಡಂದೇರ ಮನೆತನದ ಸುಬ್ಬಯ್ಯ ತಿಮ್ಮಯ್ಯ. ಕೂನೂರಿನಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಡೆಹ್ರಾಡೂನಿನ ಮಿಲಿಟರಿ ಕಾಲೇಜಿಗೆ ಹೋಗಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿ ಸೇರಿದರು. 1926ರಲ್ಲಿ ಅಧಿಕಾರಿಯಾದರು. ಆಗ ಭಾರತೀಯರಿಗೆ ಅಲ್ಲಿ ಬೆರಳೆಣಿಕೆಯ ಸೀಟು ಮಾತ್ರ. ಆಮೇಲೆ ಹೈದರಾಬಾದ್ ರೆಜಿಮೆಂಟ್, ಅಂದರೆ ಈಗಿನ ಕುಮಾವೂ ರೆಜಿಮೆಂಟ್. 1935ರಲ್ಲಿ ಕ್ವೆಟ್ಟಾ ಭೂಕಂಪ ಆದಾಗ ಇವರು ಮತ್ತು ಹೆಂಡತಿ ನೀನಾ ಇಬ್ಬರೂ ಅಲ್ಲೇ ಇದ್ದರು. ಗಾಯಾಳುಗಳ ಸೇವೆ ಮಾಡಿದ್ದಕ್ಕೆ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು.

ಎರಡನೇ ಮಹಾಯುದ್ಧದ ಹೊತ್ತಿಗೆ ಈ ಮನೆಯ ಸ್ಥಿತಿ ಹೇಗಿತ್ತು ಅಂದರೆ, ಅಣ್ಣ ಪೊನ್ನಪ್ಪ ಸಿಂಗಾಪುರದಲ್ಲಿ ಸೆರೆಸಿಕ್ಕಿ ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿದ್ದರು. ತಮ್ಮ ತಿಮ್ಮಯ್ಯ ಬರ್ಮಾದಲ್ಲಿ ಬ್ರಿಟಿಷ್ ಇಂಡಿಯನ್ ಸೇನೆಯ ಪರ ಜಪಾನೀಯರ ಮೇಲೆ ಹೋರಾಡುತ್ತಿದ್ದರು. ಒಂದೇ ಮನೆಯವರು, ಎದುರುಬದುರು ಸೈನ್ಯ. ಇವರಲ್ಲಿ ಯಾರನ್ನೂ ನಾನು ತಪ್ಪು ಅನ್ನಲಾರೆ.

1945ರ ಜನವರಿಯಲ್ಲಿ ಬರ್ಮಾದ ಅರಕಾನ್ ಕರಾವಳಿಯ ಕಾಂಗಾವ್ ಎಂಬಲ್ಲಿ ಘೋರ ಕಾಳಗ ನಡೆಯಿತು. ಅಲ್ಲಿ ಹೋರಾಡಿದ 51ನೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳ ಮುಖ್ಯಸ್ಥರೂ ಭಾರತೀಯರೇ: ತಿಮ್ಮಯ್ಯ, ಥೋರಟ್, ಸೇನ್. ಮೂವರಿಗೂ ಡಿಎಸ್‌ಓ ಪದಕ, ಅಂದರೆ ಯುದ್ಧದಲ್ಲಿ ಸಾಧನೆ ಮಾಡಿದ ಅಧಿಕಾರಿಗಳಿಗೆ ಬ್ರಿಟಿಷರು ಕೊಡುತ್ತಿದ್ದ ದೊಡ್ಡ ಗೌರವ, ಸಿಕ್ಕಿತು. ಥೋರಟ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಇದಾದ ಮೇಲೆ ತಿಮ್ಮಯ್ಯನವರಿಗೆ 36ನೇ ಬ್ರಿಗೇಡ್ ಕೊಟ್ಟರು. ಆ ಮಹಾಯುದ್ಧದಲ್ಲಿ ರಣರಂಗದಲ್ಲಿ ಒಂದು ಇಡೀ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯ ಅವರೇ. ಭಾರತೀಯರಿಗೆ ದೊಡ್ಡ ಪಡೆ ನಡೆಸುವ ತಾಕತ್ತಿಲ್ಲ ಅಂತ ಬ್ರಿಟಿಷರು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದರಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಾ?

ಈಗ ಕಾಶ್ಮೀರಕ್ಕೆ ಬರೋಣ. ನನ್ನ ಪ್ರಕಾರ ತಿಮ್ಮಯ್ಯ ಏನು ಅಂತ ತಿಳಿಯಬೇಕಾದರೆ 1948 ಒಂದೇ ಸಾಕು.

ಆ ವರ್ಷ ಪಾಕಿಸ್ತಾನದ ಕಡೆಯ ದಾಳಿಕೋರರು ನುಗ್ಗಿ ಬಂದು ಲಡಾಖಿನ ಲೇಹ್ ಕೈತಪ್ಪುವ ಹಂತದಲ್ಲಿತ್ತು. ಚಳಿಗಾಲದಲ್ಲಿ ಜೋಜಿಲಾ ಕಣಿವೆಯ ಹಿಮ ತುಳಿದುಕೊಂಡು ಹೋದ ಸೇನಾಧಿಕಾರಿ ಪೃಥ್ವಿ ಚಂದ್ ಅವರ ಒಂದು ಪುಟ್ಟ ತಂಡ ಬಿಟ್ಟರೆ ಅಲ್ಲಿ ನಮ್ಮವರು ಇರಲಿಲ್ಲ. ರಸ್ತೆ ಇಲ್ಲ. ಸೈನ್ಯ ಕಳಿಸುವುದಾದರೆ ವಿಮಾನದಲ್ಲೇ ಕಳಿಸಬೇಕು. ಎಂಜಿನಿಯರ್ ಸೋನಮ್ ನೊರ್ಬು ಸ್ಥಳೀಯರನ್ನು ಸೇರಿಸಿಕೊಂಡು ಸಿಂಧೂ ನದಿಯ ದಂಡೆಯಲ್ಲಿ, ಸುಮಾರು 11,000 ಅಡಿ ಎತ್ತರದಲ್ಲಿ, ಮರಳು ನೆಲವನ್ನೇ ಸಮ ಮಾಡಿ ರನ್‌ವೇ ತಯಾರು ಮಾಡಿದ್ದರು. ಅಲ್ಲಿಯವರೆಗೆ ಅಲ್ಲಿ ಯಾವ ವಿಮಾನವೂ ಇಳಿದಿರಲಿಲ್ಲ. ಸೈನಿಕರನ್ನು, ಸಾಮಾನನ್ನು ಸಾಗಿಸುವ ಡಕೋಟಾ ವಿಮಾನ ಅಂಥ ಎತ್ತರಕ್ಕೆ ಅಂತ ಮಾಡಿದ್ದೇ ಅಲ್ಲ. ಮಧ್ಯೆ 20,000 ಅಡಿಗೂ ಮೇಲಿನ ಶಿಖರಗಳು. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ತಾವೇ ವಿಮಾನ ಹಾರಿಸಿಕೊಂಡು ಹೊರಟರು. ಆ ವಿಮಾನದಲ್ಲಿ ತಿಮ್ಮಯ್ಯ ಕೂಡ ಕೂತಿದ್ದರು. ಇಡೀ ಡಿವಿಷನ್ನಿನ ಮುಖ್ಯಸ್ಥ! ಅವರು ಹೋಗಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಆದರೆ ಮುಖ್ಯಸ್ಥನೇ ಇಳಿದ ಜಾಗಕ್ಕೆ ಹೋಗಲು ಮಾರನೇ ದಿನ ಯಾವ ಸೈನಿಕ ತಾನೆ ಹಿಂದೆಮುಂದೆ ನೋಡುತ್ತಾನೆ? ಹಾಗೆ ಲೇಹ್ ಉಳಿಯಿತು.

ಆಮೇಲೆ ಜೋಜಿಲಾ. ಶ್ರೀನಗರದಿಂದ ಲಡಾಖಿಗೆ ಹೋಗುವ ಬಾಗಿಲು ಅದು. ಶತ್ರುಗಳು ಎರಡೂ ಕಡೆ ಬಂಡೆಗಳ ಮರೆಯಲ್ಲಿ ಮೆಷಿನ್‌ಗನ್ ಇಟ್ಟು ಕೂತಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳು ಪಡೆ ಮಾಡಿದ ದಾಳಿಗಳು ವಿಫಲವಾದವು. ಹಾಗಾಗಿ ಅಲ್ಲಿಗೆ ಟ್ಯಾಂಕ್ ಹತ್ತಿಸುವುದು ಅಂತ ತೀರ್ಮಾನವಾಯಿತು. 11,500 ಅಡಿ ಎತ್ತರಕ್ಕೆ ಟ್ಯಾಂಕ್! ಆಗ ಕೇಳಿದವರಿಗೆ ಇದು ಆಗದ ಹೋಗದ ಮಾತು ಅನ್ನಿಸಿದ್ದರೆ ಆಶ್ಚರ್ಯ ಇಲ್ಲ.

ಇದನ್ನು ಹೇಗೆ ಮಾಡಿದರು ಅನ್ನುವುದನ್ನು ನಾನು ಎಷ್ಟು ಸಲ ಓದಿದರೂ ಬೇಜಾರಾಗಿಲ್ಲ. 7ನೇ ಲೈಟ್ ಕ್ಯಾವಲ್ರಿ ಎಂಬ ಟ್ಯಾಂಕ್ ಪಡೆಯ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ತರಬೇಕು, ದಾರಿಯ ಸೇತುವೆಗಳು ಅಷ್ಟು ಭಾರ ತಡೆಯುವಂಥವಲ್ಲ. ಅದಕ್ಕೆ ಟ್ಯಾಂಕಿನ ಮೇಲಿನ ಟರೆಟ್, ಅಂದರೆ ತೋಪು ಕೂರಿಸಿರುವ ಭಾಗವನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು. ಹಾಗೆ ಮಾಡಿದ್ದರಿಂದ ನೋಡಿದವರಿಗೂ ಅದು ಟ್ಯಾಂಕ್ ಅಂತ ಗೊತ್ತಾಗುತ್ತಿರಲಿಲ್ಲ. ಗುಟ್ಟು ಬಯಲಾಗಬಾರದು ಅಂತ ಶ್ರೀನಗರದಲ್ಲಿ ಕರ್ಫ್ಯೂ ಹಾಕಿ ರಾತ್ರಿ ದಾಟಿಸಿದರು. ಜೋಜಿಲಾದ ಬುಡದಲ್ಲಿರುವ ಬಾಲ್ಟಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ಕಾಲುದಾರಿ. ಅದನ್ನು ಒಡೆದು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ಪಡೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಇವತ್ತಿಗೂ ಕೇಂದ್ರ ಇದೆಯಲ್ಲ, ಅದೇ ಪಡೆ. ಹಿಮ ಬಿದ್ದು ದಾಳಿಯನ್ನು ಮುಂದಕ್ಕೆ ಹಾಕಬೇಕಾಯಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಎದುರಿನವರು ಕನಸಿನಲ್ಲೂ ನೆನೆಸಿರಲಿಲ್ಲ, ನಿಲ್ಲಲಾಗದೆ ಓಡಿದರು. ಮುಂದಿನ ಸಾಲಿನ ಟ್ಯಾಂಕಿನಲ್ಲೇ ತಿಮ್ಮಯ್ಯ ಇದ್ದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ನಮ್ಮ ಕೈಗೆ ವಾಪಸ್ ಬಂದವು. ಇವತ್ತು ನಾವು ಕಾರ್ಗಿಲ್ ಕಾರ್ಗಿಲ್ ಅನ್ನುತ್ತೇವೆ, ಆದರೆ ಅದನ್ನು ಮೊದಲು ಉಳಿಸಿಕೊಟ್ಟವರು ಯಾರು ಅಂತ ನಮ್ಮ ರಾಜ್ಯದವರಿಗೇ ಗೊತ್ತಿಲ್ಲ ಅಂದರೆ ನನಗೆ ನಿಜವಾಗಿಯೂ ನೋವಾಗುತ್ತದೆ. ಕಾಶ್ಮೀರದಲ್ಲೇ ನೆಲಬಾಂಬ್ ಸಿಡಿದು ಅವರ ತಮ್ಮ ಸೋಮಯ್ಯ ಕೂಡ ತೀರಿಕೊಂಡರು.

1953ರಲ್ಲಿ ಕೊರಿಯಾ. ಅಲ್ಲಿ ಯುದ್ಧ ನಿಂತಿತ್ತು. ಆದರೆ ಊರಿಗೆ ವಾಪಸ್ ಹೋಗಲ್ಲ ಅಂತ ಹಟ ಹಿಡಿದ ಚೀನೀ ಮತ್ತು ಉತ್ತರ ಕೊರಿಯಾದ 22,000ಕ್ಕೂ ಜಾಸ್ತಿ ಯುದ್ಧಕೈದಿಗಳ ಗತಿ ಏನು ಅನ್ನುವುದು ಬಗೆಹರಿದಿರಲಿಲ್ಲ. ಅದಕ್ಕಾಗಿ ಐದು ದೇಶಗಳ ಆಯೋಗ ಮಾಡಿದರು, ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಮುಖ್ಯಸ್ಥರು ಅದೇ ಥೋರಟ್. ಅಮೆರಿಕದವರಿಗೆ ಇವರ ಮೇಲೆ ಅನುಮಾನ, ಚೀನಾದವರಿಗೂ ಅನುಮಾನ, ದಕ್ಷಿಣ ಕೊರಿಯಾದವರಿಗಂತೂ ಭಾರತದ ಸೈನಿಕರು ತಮ್ಮ ನೆಲ ಮೆಟ್ಟುವುದೇ ಬೇಡ. ಇಂಥದ್ದರ ನಡುವೆ ಯಾರಿಗೂ ಬಾಗದೆ, ದೊಡ್ಡ ರಕ್ತಪಾತ ಆಗದಂತೆ ಮುಗಿಸಿಕೊಟ್ಟರು. ಇದು ಜೋಜಿಲಾಗಿಂತ ಕಷ್ಟದ ಕೆಲಸ ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಶತ್ರು ಯಾರು ಅಂತ ಗೊತ್ತಿತ್ತು. 1954ರಲ್ಲಿ ಪದ್ಮಭೂಷಣ ಬಂತು.

1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಈಗ ನೀವು ಕೇಳಿದ ರಾಜೀನಾಮೆ. ರಕ್ಷಣಾ ಮಂತ್ರಿ ಮೆನನ್ ಬಡ್ತಿಗಳಲ್ಲಿ ಕೈಹಾಕುತ್ತಿದ್ದರು, ಸೇನೆಯ ಮಾತಿಗೆ ಬೆಲೆ ಕೊಡುತ್ತಿರಲಿಲ್ಲ ಅನ್ನುವುದು ತಕರಾರು. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಕರೆಸಿ ಮನವೊಲಿಸಿದರು, ವಾಪಸ್ ತೆಗೆದುಕೊಂಡರು. ಎರಡೇ ದಿನಕ್ಕೆ ನೆಹರೂ ಸಂಸತ್ತಿನಲ್ಲಿ ಅದನ್ನು ಹಗುರ ಮಾಡಿ ಮಾತಾಡಿದರು. ತಿಮ್ಮಯ್ಯನವರ ಮಾತಿಗೆ ಇದ್ದ ತೂಕ ಅವತ್ತೇ ಕಡಿಮೆಯಾಯಿತು. ವಾಪಸ್ ತೆಗೆದುಕೊಳ್ಳಬಾರದಿತ್ತು ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆಗಷ್ಟೇ ಗಡಿಯ ಲೊಂಗ್ಜುನಲ್ಲಿ ಚೀನಾದವರ ಗುಂಡು ಹಾರಿತ್ತು, ಪ್ರಧಾನಿಯೇ ಕೇಳಿಕೊಳ್ಳುತ್ತಿದ್ದಾರೆ, ಅಂಥ ಹೊತ್ತಲ್ಲಿ ಸೇನೆ ಬಿಟ್ಟು ಎದ್ದು ಹೋಗುವ ಜಾಯಮಾನ ಅವರದಲ್ಲ.

ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಪೂರ್ವ ಗಡಿ ನೋಡಿಕೊಳ್ಳುತ್ತಿದ್ದ ಥೋರಟ್, ಚೀನಾ ಬಂದರೆ ಏನೇನು ಬೇಕು ಅಂತ ಬರೆದುಕೊಟ್ಟಿದ್ದರು. ತಿಮ್ಮಯ್ಯ ಅದನ್ನು ಒಪ್ಪಿ ಮೇಲಕ್ಕೆ ಕಳಿಸಿದರು. ಅದು ಮೂಲೆ ಸೇರಿತು. ನನ್ನ ನಂತರ ಥೋರಟ್ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿ ಅಂತ ತಿಮ್ಮಯ್ಯ ಶಿಫಾರಸು ಮಾಡಿದರು, ಅದೂ ನಡೆಯಲಿಲ್ಲ. 1961ರ ಮೇನಲ್ಲಿ ನಿವೃತ್ತರಾದರು. ಮಾರನೇ ವರ್ಷ ಅಕ್ಟೋಬರಿನಲ್ಲಿ ಚೀನಾ ದಾಳಿ ಮಾಡಿತು, ನಾವು ಸೋತೆವು, ಅದು ನಿಮಗೆ ಗೊತ್ತೇ ಇದೆ. ತಿಮ್ಮಯ್ಯ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ಸುಮ್ನೆ ಹೇಳುವವರಿಗೆ ಒಂದು ಮಾತು: ಯಾರ ನೆರವೂ ಇಲ್ಲದೆ ಚೀನಾದ ಜೊತೆ ಪೂರ್ಣ ಯುದ್ಧ ಮಾಡುವ ಶಕ್ತಿ ನಮಗಿಲ್ಲ ಅಂತ ಅವರೇ ಆ ಯುದ್ಧಕ್ಕೆ ಮುಂಚೆ ಬರೆದಿದ್ದರು. ಅವರು ಇದ್ದಿದ್ದರೆ ಸರಿಯಾದ ಬಟ್ಟೆಬರೆ, ಮದ್ದುಗುಂಡು ಇಲ್ಲದೆ ಹುಡುಗರನ್ನು ಹಿಮದ ಮೇಲೆ ಕಳಿಸಲು ಖಂಡಿತ ಒಪ್ಪುತ್ತಿರಲಿಲ್ಲ, ನಾನು ನಂಬುವುದು ಅಷ್ಟೇ.

ನಿವೃತ್ತಿಯ ಮೇಲೂ ಸುಮ್ಮನೆ ಕೂರಲಿಲ್ಲ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ಗೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಇನ್ನೊಂದು, ಇವರನ್ನೂ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಇಬ್ಬರದೂ ಕೊಡಂದೇರ ಒಕ್ಕವೇ, ಅಂದರೆ ಒಂದೇ ಮನೆತನ, ಆದರೆ ಅಣ್ಣತಮ್ಮಂದಿರಲ್ಲ. ತಿಮ್ಮಯ್ಯನವರ ಮಡಿಕೇರಿಯ ಮನೆ ಸನ್ನಿ ಸೈಡ್ 2021ರಲ್ಲಿ ಮ್ಯೂಸಿಯಂ ಆಗಿದೆ. ಆ ಕಡೆ ಹೋದರೆ ರಾಜಾಸೀಟು, ಅಬ್ಬಿ ಫಾಲ್ಸ್ ನೋಡಿಕೊಂಡು ಹಾಗೇ ಬರಬೇಡಿ, ಅದಕ್ಕೂ ಅರ್ಧ ದಿನ ಇಟ್ಟುಕೊಳ್ಳಿ.