ಗೂಡಿಗೆ ಕೈಹಾಕಿದರೆ ಕಚ್ಚುವ ಮೊಲ: ಒಂದು ಆಪ್ತಸಲಹೆ ಪ್ರಕರಣ

ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಮೈಸೂರಿನ ಕುಟುಂಬವೊಂದು ತಾನು ಸಾಕಿದ ಏಳು ತಿಂಗಳ ಹೆಣ್ಣು ಮೊಲವನ್ನು ಯಾರಿಗಾದರೂ ಕೊಟ್ಟುಬಿಡುವ ಹಂತಕ್ಕೆ ಬಂದಿತ್ತು. ಮರಿಯಾಗಿದ್ದಾಗ ಮಡಿಲಲ್ಲೇ ಮಲಗುತ್ತಿದ್ದ ಪ್ರಾಣಿ, ಈಗ ತಟ್ಟೆ ತೆಗೆಯಲು ಯಾರಾದರೂ ಗೂಡಿಗೆ ಕೈಹಾಕಿದರೆ ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡು, ಗುರ್ರೆಂದು ಮುನ್ನುಗ್ಗಿ ಮುಂಗಾಲಿನಿಂದ ಹೊಡೆಯುತ್ತಿತ್ತು. ಮಗಳ ಬೆರಳನ್ನು ರಕ್ತ ಬರುವಂತೆ ಕಚ್ಚಿಯೂ ಇತ್ತು. "ಇಷ್ಟು ಪ್ರೀತಿಯಿಂದ ಸಾಕಿದರೂ ನಮ್ಮ ಮೇಲೆಯೇ ಹಗೆ ಸಾಧಿಸುತ್ತಿದೆ" ಎಂದು ತಾಯಿ ನೊಂದುಕೊಂಡರು.

ನಾನು ನೋಡಿದಾಗ ಆ ಮೊಲ ಬಾಯಿತುಂಬ ಹುಲ್ಲು ಕಚ್ಚಿಕೊಂಡು ಮೂಲೆಗೆ ಸಾಗಿಸುತ್ತಿತ್ತು. ಗದ್ದದ ಕೆಳಗಿನ ಮಡಿಕೆಯಿಂದ ತಾನೇ ಕಿತ್ತ ತುಪ್ಪಳವನ್ನು ಆ ಹುಲ್ಲಿನ ಮೇಲೆ ಹಾಸಿತ್ತು. ಗಂಡಿನ ಸಂಗವೇ ಇಲ್ಲದ ಮೊಲ ಹೀಗೆ ಮಾಡಿದರೆ ಅದು ಹುಸಿಗರ್ಭದ ಲಕ್ಷಣ. ಸಾಮಾನ್ಯವಾಗಿ 16ರಿಂದ 18 ದಿನ ಉಳಿಯುವ ಈ ಸ್ಥಿತಿಯಲ್ಲಿ, ಒಳಗೆ ಬರುವ ಕೈ ಯಾರದೇ ಆಗಿರಲಿ, ಅದು ತನ್ನ ಗೂಡಿಗೆ ಬಂದ ಆಪತ್ತೆಂದೇ ಮೊಲ ಭಾವಿಸುತ್ತದೆ. ಜೊತೆಗೆ, ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಮೂಗಿನ ನೇರ ಮುಂದೆ ಇರುವುದು ಅದಕ್ಕೆ ಕಾಣುವುದಿಲ್ಲ. ಮೂಗಿನ ಬಳಿ ಬೆರಳು ಚಾಚಿದ ಮಗುವಿನ ಮೇಲೆ ಅದಕ್ಕೆ ಹಗೆಯೇನೂ ಇರಲಿಲ್ಲ, ಬೆಚ್ಚಿತ್ತು ಅಷ್ಟೇ.

ಮೊದಲು ಮೊಲಗಳ ಚಿಕಿತ್ಸೆಯಲ್ಲಿ ಅನುಭವವುಳ್ಳ ಪಶುವೈದ್ಯರಿಗೆ ತೋರಿಸಲು ಹೇಳಿದೆ. ಮೊಲದ ಹಲ್ಲುಗಳು ಜೀವನವಿಡೀ ಬೆಳೆಯುತ್ತವೆ. ದವಡೆ ಹಲ್ಲಿನ ಮೊನೆ ನಾಲಿಗೆಗೆ ಚುಚ್ಚುತ್ತಿದ್ದರೆ, ಆ ನೋವು ತೀರದೆ ಯಾವ ಪಳಗಿಸುವಿಕೆಯೂ ಫಲಿಸದು. ಅನಂತರ ಅಂಡಾಶಯ ಮತ್ತು ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆ. ವಯಸ್ಸಾದ ಹೆಣ್ಣು ಮೊಲಗಳನ್ನು ಹೆಚ್ಚಾಗಿ ಕಾಡುವ ಗರ್ಭಕೋಶದ ಕ್ಯಾನ್ಸರನ್ನೂ ಇದು ತಪ್ಪಿಸುತ್ತದೆ. ಮೊಲ ವಾಂತಿ ಮಾಡಲಾರದು; ಆದ್ದರಿಂದ ನಾಯಿ, ಬೆಕ್ಕುಗಳಂತೆ ಹಿಂದಿನ ರಾತ್ರಿ ಉಪವಾಸ ಕೆಡವಬಾರದೆಂದು ಒತ್ತಿ ಹೇಳಿದೆ. ಈ ವರ್ತನೆಗೆ ಕಾರಣವಾದ ಹಾರ್ಮೋನುಗಳು ಶಸ್ತ್ರಚಿಕಿತ್ಸೆಯ ಬಳಿಕ ತಗ್ಗಲು ನಾಲ್ಕರಿಂದ ಆರು ವಾರ ಬೇಕು.

ಅಲ್ಲಿಯವರೆಗೆ, ಅದು ಕಟ್ಟಿದ ಹುಲ್ಲಿನ ಗೂಡನ್ನು ಕೆದಕದೆ, ಮೊಲ ತಾನಾಗಿ ಹೊರಬಂದಾಗ ಮಾತ್ರ ಉಳಿದ ಜಾಗವನ್ನು ಸ್ವಚ್ಛಗೊಳಿಸಬೇಕು. ಮಗಳು ನೆಲದ ಮೇಲೆ ಪಕ್ಕಕ್ಕೆ ಕುಳಿತು ಕೊತ್ತಂಬರಿ ಎಸಳು ಚಾಚಲಿ. ಮುಟ್ಟುವುದಾದರೆ ಪಕ್ಕದಿಂದ ಕೈತಂದು ಹಣೆಯನ್ನು ಸವರಲಿ. ಕಚ್ಚಿದಾಗ ತಂದೆ ಅದರ ಮೂಗಿಗೆ ತಟ್ಟುತ್ತಿದ್ದರು. ಅದನ್ನು ಅಂದೇ ನಿಲ್ಲಿಸುವಂತೆ ಕೇಳಿಕೊಂಡೆ, ಏಕೆಂದರೆ ಪ್ರತಿ ಪೆಟ್ಟೂ ಕೈಯ ಬಗೆಗಿನ ಭಯವನ್ನು ಬಲಪಡಿಸುತ್ತದೆ.

ಒಂಟಿತನಕ್ಕೆ ಗಂಡು ಮೊಲ ತರಬಹುದೇ ಎಂದೂ ಅವರು ಕೇಳಿದರು. ಈಗ ಬೇಡ ಎಂದೆ. ಹೆಣ್ಣಿನ ಗಾಯ ಮಾಗಿ, ಹಾರ್ಮೋನುಗಳು ತಗ್ಗಿದ ಮೇಲೆ, ಸಂತಾನಹರಣವಾದ ಗಂಡನ್ನು ತರಬಹುದು. ಆಗಲೂ ಇಬ್ಬರಿಗೂ ಹೊಸದಾದ ಜಾಗದಲ್ಲೇ ಮೊದಲ ಪರಿಚಯ ಮಾಡಿಸಬೇಕು.